ಸಹಾಯ ಬೇಕು: ಬಿ.ಎ. ಮುಗಿಸಿದ ತಂಗಿಗೆ ಶಾಸನ ಅಧ್ಯಯನದ ದಾರಿ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಈ ವರ್ಷ ಇತಿಹಾಸ ಮತ್ತು ಕನ್ನಡ ಓದಿ ಬಿ.ಎ. ಮುಗಿಸಿದ್ದಾಳೆ. ನಮ್ಮದು ಹಾಸನ ಜಿಲ್ಲೆಯ ಹಳ್ಳಿ. ಎರಡು ವರ್ಷದ ಬಿ.ಇಡಿ. ಮಾಡಿಸಿದರೆ ಶಿಕ್ಷಕಿಯಾಗಬಹುದು ಎಂಬುದು ಅಪ್ಪನ ಆಸೆ. ಅದು ಒಳ್ಳೆಯ ಕೆಲಸವೇ, ಆದರೆ ಅವಳ ಜೀವವೆಲ್ಲ ಶಾಸನಗಳಲ್ಲಿದೆ. ಕರ್ನಾಟಕದ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟವನ್ನು ಪಕ್ಕದಲ್ಲಿಟ್ಟುಕೊಂಡು ಹೊಯ್ಸಳರ ಕಾಲದ ವೀರಗಲ್ಲಿನ ಸಾಲುಗಳನ್ನು ತಾನೇ ಬಿಡಿಸಿ ಓದುತ್ತಾಳೆ. ಇಂಥ ಶ್ರದ್ಧೆಯನ್ನು ಬರೀ ಹವ್ಯಾಸವೆಂದು ಬದಿಗಿಡಲು ನನಗೆ ಮನಸ್ಸು ಒಪ್ಪುವುದಿಲ್ಲ.

ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ತ್ವದ ಎಂ.ಎ. ಇದೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆಯ ಶಾಸನ ವಿಭಾಗವೂ ಅದೇ ಊರಿನಲ್ಲಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ನಮ್ಮ ಯೋಚನೆಯಲ್ಲಿದೆ. ಕಾಲೇಜು ಅಧ್ಯಾಪನಕ್ಕೆ ಹೋಗುವುದಾದರೆ ಎಂ.ಎ. ನಂತರ ನೆಟ್ ಅಥವಾ ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆ ಪಾಸಾಗಬೇಕು ಎಂಬುದು ಗೊತ್ತು.

ಗೊತ್ತಿಲ್ಲದ್ದು ಓದಿನ ಆಚೆಗಿನ ಬದುಕು. ಶಾಸನ ಓದಬಲ್ಲವರಿಗೆ ವಸ್ತುಸಂಗ್ರಹಾಲಯ, ಪತ್ರಾಗಾರ, ಹಸ್ತಪ್ರತಿ ಡಿಜಿಟಲೀಕರಣದಂಥ ಕಡೆ ನಿಜವಾಗಿ ಕೆಲಸ ಸಿಗುತ್ತದೆಯೇ? ಗುತ್ತಿಗೆಯ ಕೆಲಸವಾದರೆ ಸಂಬಳ ತಿಂಗಳು ತಿಂಗಳು ಬರುತ್ತದೆಯೇ? ಸಂಸ್ಕೃತವನ್ನು ಈಗಲೇ ಕಲಿಯಬೇಕೇ? ಹೆಣ್ಣುಮಕ್ಕಳಿಗೆ ಕ್ಷೇತ್ರಕಾರ್ಯದಲ್ಲಿ ಉಳಿಯುವ ವ್ಯವಸ್ಥೆ ಹೇಗಿರುತ್ತದೆ? ಅಪ್ಪ ಮೊದಲು ಕೇಳುವುದು ಇದನ್ನೇ, ಅವರ ಆತಂಕ ನ್ಯಾಯವಾದದ್ದು.

ಈ ದಾರಿಯಲ್ಲಿ ನಡೆದವರು, ಅರ್ಧಕ್ಕೆ ಬಿಟ್ಟು ಬೇರೆ ಕೆಲಸ ಹಿಡಿದವರು ಕೂಡ, ದಯವಿಟ್ಟು ನಿಮ್ಮ ಅನುಭವ ಬರೆಯಿರಿ. ಎಂ.ಎ. ಪ್ರವೇಶದ ಅರ್ಜಿ ಹಾಕುವ ಮೊದಲು ನಿಮ್ಮ ಉತ್ತರಗಳನ್ನು ಅಪ್ಪನಿಗೆ ಓದಿ ಹೇಳುತ್ತೇನೆ.