ಪದಚರ್ಚೆ: ಪೇಸ್‌ಮೇಕರ್ ಕರಪತ್ರದಲ್ಲಿ ‘ಕ್ಯಾಪ್ಚರ್’ಗೆ ಏನನ್ನೋಣ?

ಪ್ರಶ್ನೆ:
ನಮಸ್ಕಾರ. ಶಿವಮೊಗ್ಗ, ತೀರ್ಥಹಳ್ಳಿ ಕಡೆಯ ರೋಗಿಗಳ ಮನೆಯವರಿಗಾಗಿ ಹೃದಯದ ಮಿಡಿತ ನಿಧಾನವಾದಾಗ ಸಣ್ಣ ವಿದ್ಯುತ್ ತುಡಿತ (ಪಲ್ಸ್) ಕೊಡುವ ಪೇಸ್‌ಮೇಕರ್ ಕುರಿತ ಕರಪತ್ರವೊಂದನ್ನು ಕನ್ನಡಕ್ಕೆ ತರಬೇಕಿದೆ. ಈಗಿನ ಕರಡಿನಲ್ಲಿ ಕ್ಯಾಪ್ಚರ್‌ಗೆ ‘ಸೆರೆ’, ಥ್ರೆಶೋಲ್ಡ್‌ಗೆ ‘ಮಿತಿ’, ಡಿಮ್ಯಾಂಡ್‌ಗೆ ‘ಬೇಡಿಕೆ’, ಪಲ್ಸ್‌ಗೆ ‘ವಿದ್ಯುದಾಘಾತ’ ಎಂದಿದೆ. ಊರಲ್ಲಿ ಜನ ‘ಹಾರ್ಟಿಗೆ ಬ್ಯಾಟ್ರಿ ಹಾಕ್ಸಿದಾರೆ’ ಅಂತಾರೆ. ಅದನ್ನೇ ಇಟ್ಟುಕೊಳ್ಳಬಹುದೇ?

ಉತ್ತರ:
‘ವಿದ್ಯುದಾಘಾತ’ವನ್ನು ಮೊದಲು ತೆಗೆಯಿರಿ. ನಮ್ಮ ಕಡೆ ಕರೆಂಟ್ ಹೊಡೆಯುವುದು ಅಂದರೆ ತೋಟದ ಐಬೆಕ್ಸ್ (ಕರೆಂಟ್) ಬೇಲಿ ಮುಟ್ಟಿದ ಹಾಗೆ. ಪೇಸ್‌ಮೇಕರಿನದು ಎರಡು-ಮೂರು ವೋಲ್ಟ್, ಅದೂ ಸುಮಾರು ಅರ್ಧ ಮಿಲಿಸೆಕೆಂಡ್. ಸಾಮಾನ್ಯವಾಗಿ ರೋಗಿಗೆ ಗೊತ್ತೇ ಆಗದು. 1952ರಲ್ಲಿ ಅಮೆರಿಕದ ವೈದ್ಯ ಪಾಲ್ ಝೋಲ್ ಎದೆಯ ಚರ್ಮದ ಮೇಲಿಂದ ಕೊಟ್ಟದ್ದು ನೋಯುತ್ತಿತ್ತು, ನಿಜ. 1958ರಲ್ಲಿ ಅಲ್ಲಿಯದೇ ವೈದ್ಯ ಸೇಮೋರ್ ಫರ್ಮನ್ ರಕ್ತನಾಳದೊಳಗಿಂದ ತಂತಿಯನ್ನು ಹೃದಯಕ್ಕೇ ಮುಟ್ಟಿಸಿದ ಮೇಲೆ ಅಷ್ಟು ಕರೆಂಟ್ ಬೇಕಾಗಲಿಲ್ಲ. ಶಾಕ್ ಎಂಬ ಮಾತು ಐಸಿಡಿಗೆ (ಹೃದಯ ಅಪಾಯಕರವಾಗಿ ಲಯ ತಪ್ಪಿದಾಗ ಒಳಗಿಂದಲೇ ಶಾಕ್ ಕೊಟ್ಟು ಸರಿಪಡಿಸುವ ಯಂತ್ರ) ಮೀಸಲಿರಲಿ.

ಕ್ಯಾಪ್ಚರ್ ಎಂದರೆ ಕೊಟ್ಟ ಪಲ್ಸಿಗೆ ಹೃದಯ ಮಿಡಿಯುವುದು. ಅದಕ್ಕೆ ‘ಹಿಡಿಯುವುದು’ ಸಾಕು. ಕಾಳುಮೆಣಸಿನ ಕಸಿ ‘ಹಿಡೀತು’ ಅನ್ನುತ್ತೇವಲ್ಲ, ಹಾಗೆ. ಇಸಿಜಿಯಲ್ಲಿ ಹೃತ್ಕುಕ್ಷಿಗೆ (ಹೃದಯದ ಕೆಳಕೋಣೆಗೆ) ಕೊಟ್ಟ ಪಲ್ಸಿನ ಗೆರೆ ಇದೆ, ಬೆನ್ನಿಗೆ ಕ್ಯೂಆರ್‌ಎಸ್ (ಆ ಕೋಣೆ ಮಿಡಿದದ್ದರ ಗುರುತು) ಇಲ್ಲ ಎಂದರೆ ಹಿಡಿದಿಲ್ಲ. ತಂತಿಯ ತುದಿ ಜಾಗ ಬಿಟ್ಟಿರಬಹುದು, ತಂತಿ ಒಳಗೇ ಮುರಿದಿರಬಹುದು, ಇಲ್ಲವೇ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೊಸ್ತಿಲು ಎತ್ತರವಾಗಿರಬಹುದು. ಹೌದು, ಥ್ರೆಶೋಲ್ಡ್‌ಗೆ, ಎಂದರೆ ಪಲ್ಸ್ ಹಿಡಿಯಲು ಬೇಕಾದ ಕನಿಷ್ಠ ವೋಲ್ಟಿಗೆ, ‘ಹೊಸ್ತಿಲು’ ಅನ್ನಿ. ಮಿತಿ ಎಂದರೆ ದಾಟಬಾರದ್ದು, ಇದು ದಾಟಲೇಬೇಕಾದ್ದು. ಅಳವಡಿಸುವಾಗ ಅದು 1 ವೋಲ್ಟಿನೊಳಗಿದ್ದರೆ ಒಳ್ಳೆಯದು. ತುದಿಯ ಸುತ್ತ ಉರಿಯೂತವಾಗಿ ಮೊದಲ ವಾರಗಳಲ್ಲಿ ಏರುವುದುಂಟು. ಅದಕ್ಕೇ ಆರಂಭದಲ್ಲಿ 3.5 ವೋಲ್ಟಿನಷ್ಟು ಧಾರಾಳವಾಗಿಟ್ಟು, ಮೂರು ತಿಂಗಳ ಮೇಲೆ ಹೊಸ್ತಿಲಿನ ಎರಡರಷ್ಟಕ್ಕೆ ಇಳಿಸುತ್ತಾರೆ.

‘ಬೇಡಿಕೆ’ ಅಡಿಕೆ ಮಂಡಿಯ ಮಾತಾಯಿತು. ಹೃದಯ ಏನನ್ನೂ ಬೇಡುವುದಿಲ್ಲ, ಯಂತ್ರ ಕಾಯುತ್ತದೆ. ನಿಮಿಷಕ್ಕೆ 60 ಎಂದಿಟ್ಟರೆ 1000 ಮಿಲಿಸೆಕೆಂಡ್ ಕಾಯುತ್ತದೆ. ಅಷ್ಟರೊಳಗೆ ಸ್ವಂತ ಮಿಡಿತ ಕೇಳಿಸಿದರೆ ಎಣಿಕೆ ಮತ್ತೆ ಸೊನ್ನೆಯಿಂದ, ಕೇಳಿಸದಿದ್ದರೆ ಪಲ್ಸ್. ‘ಕಾದು ಕೊಡುವ’ ಎಂದರೆ ಆ ಕೆಲಸವೇ ಹೆಸರಾಗುತ್ತದೆ. ಯಂತ್ರ ಹೀಗೆ ಸ್ವಂತ ಮಿಡಿತವನ್ನು ಗುರುತಿಸುವ ಸೆನ್ಸಿಂಗ್‌ಗೆ ‘ಕೇಳಿಸಿಕೊಳ್ಳುವುದು’. ಇಲ್ಲಿ ಅನುವಾದಕರು ಎಡವುವುದು ಹೆಚ್ಚು: ಯಂತ್ರದ ಕಿವಿ ಚುರುಕು ಮಾಡಬೇಕಾದರೆ, ಅದು ಕೇಳಿಸಿಕೊಳ್ಳಬೇಕಾದ ಅತಿ ಸಣ್ಣ ಸಂಕೇತದ ಮಿಲಿವೋಲ್ಟ್ ಅಂಕಿಯನ್ನು ಇಳಿಸಬೇಕು, ಏರಿಸುವುದಲ್ಲ. ತೀರಾ ಇಳಿಸಿದರೆ ಎದೆಯ ಸ್ನಾಯುವಿನ ಗದ್ದಲವನ್ನೂ ಮಿಡಿತವೆಂದುಕೊಂಡು ಯಂತ್ರ ಸುಮ್ಮನಾಗುತ್ತದೆ, ರೋಗಿಗೆ ತಲೆ ಸುತ್ತುತ್ತದೆ.

‘ಬ್ಯಾಟ್ರಿ’ ಧಾರಾಳವಾಗಿ ಇರಲಿ, ಒಂದು ಸಾಲು ಮಾತ್ರ ಸೇರಿಸಿ: ಟಾರ್ಚಿನ ಸೆಲ್ಲಿನಂತೆ ಅದೊಂದನ್ನೇ ಬದಲಿಸಲು ಬರುವುದಿಲ್ಲ, ಬೆಸೆದು ಮುಚ್ಚಿದ ಇಡೀ ಡಬ್ಬಿಯನ್ನೇ ಬದಲಿಸುತ್ತಾರೆ, ತಂತಿ ಚೆನ್ನಾಗಿದ್ದರೆ ಹಳೆಯದಕ್ಕೇ ಜೋಡಿಸುತ್ತಾರೆ.