ಪೋಸ್ಟ್‌ಡಾಕ್ ಸಂದರ್ಶನ ಶುಕ್ರವಾರ, ಕ್ಯಾನ್ಸರ್ ಕೋಶ ಕೈಯಾರೆ ಬೆಳೆಸೇ ಇಲ್ಲ. ಏನು ಹೇಳಲಿ?

ಸಿರುಗುಪ್ಪದವಳು:
ಬಳ್ಳಾರಿಯಲ್ಲಿ ಪಿಎಚ್‌ಡಿ ಮುಗಿಸಿ ನಾಲ್ಕು ತಿಂಗಳಾಯಿತು. ಬೆಂಗಳೂರಿನ ಒಂದು ವಿಶ್ವವಿದ್ಯಾಲಯದ ಕ್ಯಾನ್ಸರ್ ಬಯಾಲಜಿ ಲ್ಯಾಬ್‌ನಿಂದ ಪೋಸ್ಟ್‌ಡಾಕ್‌ಗೆ, ಅಂದರೆ ಪಿಎಚ್‌ಡಿ ನಂತರದ ಸಂಶೋಧನೆ ಕೆಲಸಕ್ಕೆ, ಕರೆ ಬಂದಿದೆ. ನನ್ನ ಥೀಸಿಸ್ ಆವರಿಕೆ ಎಲೆ ಮೇಲೆ, ನಮ್ಮ ಕಡೆ ತಂಗಡಿ ಅಂತಾರೆ. ಸಂಡೂರು ರಸ್ತೆ ಬದಿಯಲ್ಲಿ ಎಲೆ ಕಿತ್ತು, ನೆರಳಲ್ಲಿ ಒಣಗಿಸಿ, ಮೆಥನಾಲ್‌ನಲ್ಲಿ ಸಾರ ತೆಗೆದದ್ದೆಲ್ಲ ನಾನೇ. ಆದರೆ ಎಂಸಿಎಫ್-7 ಅನ್ನೋ ಸ್ತನ ಕ್ಯಾನ್ಸರ್ ಕೋಶಗಳ ಮೇಲಿನ ಎಂಟಿಟಿ ಟೆಸ್ಟ್ (ಎಷ್ಟು ಕೋಶ ಬದುಕಿವೆ ಅಂತ ಬಣ್ಣದಿಂದ ನೋಡೋದು) ಹೊರಗಡೆ ಮಾಡಿಸಿದ್ದು. ಥರ್ಮಾಕೋಲ್ ಡಬ್ಬಿಯಲ್ಲಿ ಸಾರ ಕೊರಿಯರ್ ಮಾಡಿದೆ, ಮೂರು ವಾರಕ್ಕೆ ಗ್ರಾಫ್ ಬಂತು, ಬಿಲ್ ಸಮೇತ. ಗೆಳತಿ ಮಾತು ಕೇಳಿ ಸಿವಿಯಲ್ಲಿ 'ಸೆಲ್ ಕಲ್ಚರ್', ಅಂದರೆ ಕೋಶ ಬೆಳೆಸೋ ಕೆಲಸ ಬರುತ್ತೆ ಅಂತ ಹಾಕಿ ಕಳಿಸಿಬಿಟ್ಟೆ. ಈಗ ನಿದ್ದೆ ಬರ್ತಿಲ್ಲ.

ಹೊಸಪೇಟೆ ಹುಡುಗ:
ಎಲ್ಲರೂ ಹಾಗೇ ಹಾಕ್ತಾರೆ ಮೇಡಂ. ಎರಡು ಯೂಟ್ಯೂಬ್ ವಿಡಿಯೊ ನೋಡ್ಕೊಂಡು ಹೋಗಿ.

ಗಂಗಾವತಿ ಅಕ್ಕ:
ಬೇಡ ತಂಗಿ. ಇವತ್ತೇ ಮೇಲ್ ಮಾಡಿ ಆ ಸಾಲು ತೆಗೆಸು. ನಾನು ಐದು ವರ್ಷ ಪೋಸ್ಟ್‌ಡಾಕ್ ಮಾಡಿದವಳು. ಕೋಶ ಬಿಡಿಸುವ ಕಿಣ್ವ ಟ್ರಿಪ್ಸಿನ್ ಹಾಕಿದ ಕೆಲವೇ ನಿಮಿಷಕ್ಕೆ, ಫ್ಲಾಸ್ಕಿಗೆ ಅಂಟಿದ್ದ ಕೋಶಗಳು ನೆನೆದ ಸಾಬೂದಾನಿ ಹಾಗೆ ದುಂಡಗಾಗಿ ಹೊಳೆಯುತ್ತವೆ. ಆಗ ಬದಿಗೆ ಮೆಲ್ಲಗೆ ತಟ್ಟಬೇಕು, ಸೀರಂ ಇರುವ ಮೀಡಿಯಂ (ಕೋಶ ಬೆಳೆಸುವ ದ್ರವ) ಹಾಕಿ ಟ್ರಿಪ್ಸಿನ್ ನಿಲ್ಲಿಸಬೇಕು. ಮಾಡಿದವರ ಬಾಯಲ್ಲಿ ಇದು ಬೇರೆ ಥರ ಬರುತ್ತದೆ, ಕೇಳುವವರಿಗೆ ಗೊತ್ತಾಗುತ್ತದೆ. ಕೈಕೆಲಸ ಎರಡು ತಿಂಗಳಲ್ಲಿ ಕಲಿಸಬಹುದು. ಸುಳ್ಳು ಸಿಕ್ಕಿಬಿದ್ದರೆ ಮುಗೀತು.

ಅದಕ್ಕಿಂತ ನಿನ್ನ ಗ್ರಾಫ್ ನೋಡು. ಎಂಟಿಟಿ ಹಳದಿ ಬಣ್ಣದ್ದು, ಬದುಕಿರುವ ಕೋಶ ಅದನ್ನು ನೇರಳೆ ಮಾಡುತ್ತದೆ, ಅಲ್ವಾ? ಆದರೆ ತಂಗಡಿ ಚರ್ಮ ಹದ ಮಾಡುವ ಗಿಡ, ಟ್ಯಾನಿನ್ ಜಾಸ್ತಿ. ಇಂಥ ಸಾರ ಕೋಶವೇ ಇಲ್ಲದೆ ಎಂಟಿಟಿಯನ್ನು ನೇರಳೆ ಮಾಡಬಹುದು. ಕೋಶ ಹಾಕದೆ ಬರೀ ಸಾರ ಇಟ್ಟು ನೋಡಿದ್ದಾರಾ?

ಮತ್ತೆ, ಸಂಬಳ ಕೇಳೋಕೆ ನಾಚಬೇಡ. ಕೇಂದ್ರದ ಪ್ರಾಜೆಕ್ಟ್ ಆದರೆ 2023ರಿಂದ ಆರ್‌ಎ-1ಕ್ಕೆ (ರಿಸರ್ಚ್ ಅಸೋಸಿಯೇಟ್, ಮೊದಲ ಹಂತ) ತಿಂಗಳಿಗೆ 58,000, ಮೇಲೆ ಎಚ್‌ಆರ್‌ಎ.

ಸಿರುಗುಪ್ಪದವಳು:
ಅಕ್ಕಾ, ಮೇಲ್ ಹಾಕಿದೆ. 'ಸರಿ, ಬನ್ನಿ' ಅಂತ ಒಂದೇ ಸಾಲು ಬಂತು. ಗ್ರಾಫ್ ಜೊತೆ ಬಂದ ಶೀಟ್‌ನಲ್ಲಿ ನೀವು ಹೇಳಿದ ಕಾಲಂ ಇಲ್ಲವೇ ಇಲ್ಲ. ಫ್ರಿಜ್ಜಿನಲ್ಲಿ ಸಾರ ಉಳಿದಿತ್ತು. ಮೈಕ್ರೊಬಯಾಲಜಿಯವರ ಹತ್ತಿರ ಚಿಟಿಕೆ ಎಂಟಿಟಿ ಬೇಡಿ ತಂದು, ಬೆಳಕು ಬೀಳದ ಹಾಗೆ ಫಾಯಿಲ್ ಸುತ್ತಿ, 37 ಡಿಗ್ರಿಯಲ್ಲಿ ನಾಲ್ಕು ಗಂಟೆ ಇಟ್ಟೆ. ಒಂದು ಕೋಶವೂ ಇಲ್ಲ. ಪ್ಲೇಟಿನಲ್ಲಿ ಸಾರ ಜಾಸ್ತಿ ಇದ್ದ ಮೂರು ಬಾವಿ (ಪುಟ್ಟ ಗುಳಿ) ನೇರಳೆ, ಬರೀ ಮೀಡಿಯಂ ಇದ್ದದ್ದು ಹಳದಿ!

ಹಾಗಾದರೆ ನನ್ನ ಥೀಸಿಸ್ ಸುಳ್ಳಾ?

ಗಂಗಾವತಿ ಅಕ್ಕ:
ಅಳಬೇಡ ಮಾರಾಯ್ತಿ. ಸಾರದ ನೇರಳೆಯೂ ಬದುಕಿರುವ ಕೋಶದ ಲೆಕ್ಕಕ್ಕೇ ಸೇರಿರುತ್ತದೆ. ಅಂದರೆ ನಿನ್ನ ಸಾರ ಗ್ರಾಫ್ ತೋರಿಸಿದ್ದಕ್ಕಿಂತ ಜಾಸ್ತಿ ಕೋಶ ಕೊಂದಿರಬಹುದು. ಪ್ಲೇಟಿನ ಫೋಟೊ ತೆಗೆದುಕೊಂಡೆಯಾ? ಶುಕ್ರವಾರ ಮೊದಲು ಅದನ್ನೇ ತೋರಿಸು.