ಮೊದಲ ಸಲ ಇಬ್ಬರೇ ಊಟಕ್ಕೆ: ಕಾರವಾರದ ಪೇಟೆ ಬಿಟ್ಟು ಎಲ್ಲಿ ಕೂರುವುದು?

ಬೈತಖೋಲದ ಲೆಕ್ಕಿಗ ಕೇಳಿದ್ದು:

ವಯಸ್ಸು 31. ಬೈತಖೋಲ ಬಂದರಿನ ಬಳಿ ಒಂದು ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುತ್ತೇನೆ. ಮುಂದಿನ ವಾರ ಒಬ್ಬರನ್ನು ರಾತ್ರಿ ಊಟಕ್ಕೆ ಕರೆದಿದ್ದೇನೆ, ಅವರು ಬರುತ್ತೇನೆ ಎಂದಿದ್ದಾರೆ. ಅಲ್ಲಿಯವರೆಗೆ ಎಲ್ಲವೂ ಸಲೀಸು. ಎಲ್ಲಿಗೆ ಎಂದು ಕೇಳಿದಾಗ ‘ನೋಡಿ ಹೇಳುತ್ತೇನೆ’ ಎಂದೆ. ನಾಲ್ಕು ದಿನದಿಂದ ನೋಡುತ್ತಲೇ ಇದ್ದೇನೆ.

ಪರಿಚಯವಾದದ್ದು ಶಿರಸಿ ಬಸ್ಸಿನಲ್ಲಿ. ಜುಲೈ ತಿಂಗಳಲ್ಲಿ ದೇವಿಮನೆ ಘಟ್ಟದಲ್ಲಿ ಮರ ಬಿದ್ದು ಬಸ್ಸು ಎರಡು ತಾಸು ನಿಂತಲ್ಲೇ ನಿಂತಿತು. ನನ್ನ ಕಾಲ ಬುಡದ ಚೀಲದಲ್ಲಿ ಅತ್ತೆಗೆಂದು ಒಯ್ಯುತ್ತಿದ್ದ ಎರಡು ಕಿಲೋ ಒಣ ಶೆಟ್ಲಿ (ಸಿಗಡಿ). ಪಕ್ಕದಲ್ಲಿದ್ದ ಅವರು ಏನೂ ಅನ್ನದೆ, ಅಷ್ಟು ಮಳೆಯಲ್ಲೂ ಕಿಟಕಿಯ ಗಾಜು ನಾಲ್ಕು ಬೆರಳು ಸರಿಸಿದರು. ಇರಚಲು ಹೊಡೆದು ಅವರದೇ ತೋಳು ಒದ್ದೆಯಾಯಿತು. ಆಮೇಲೆ ಬಾಳೆಕಾಯಿ ಚಿಪ್ಸಿನ ಪೊಟ್ಟಣ ಬಿಚ್ಚಿ ನನ್ನ ಕಡೆ ಹಿಡಿದರು. ವಾಪಸು ಕೊಡಲು ನನ್ನ ಬಳಿ ಶೆಟ್ಲಿ ಬಿಟ್ಟರೆ ಏನೂ ಇರಲಿಲ್ಲ.

ಊರು ಶಿರಸಿ ಹತ್ತಿರದ ಹಳ್ಳಿ, ಇಲ್ಲಿ ಪ್ರೌಢಶಾಲೆಯ ಶಿಕ್ಷಕಿ, ಹಬ್ಬುವಾಡದಲ್ಲಿ ಬಾಡಿಗೆ ಕೋಣೆ. ಶುದ್ಧ ಸಸ್ಯಾಹಾರಿ. ‘ಎದುರು ಕೂತವರು ಮೀನು ತಿಂದರೆ ನನಗೇನೂ ಬೇಸರವಿಲ್ಲ, ಅದೇ ಕಾವಲಿಯಲ್ಲಿ ನನ್ನ ದೋಸೆ ಆಗಬಾರದು ಅಷ್ಟೆ’ ಎಂದಿದ್ದಾರೆ.

ಪೇಟೆಯ ಸಸ್ಯಾಹಾರಿ ಹೋಟೆಲುಗಳು ಚೆನ್ನಾಗಿವೆ. ಆದರೆ ನಾವಿಬ್ಬರು ಕೂತರೆ ಉಳಿದ ಎರಡು ಕುರ್ಚಿಗೆ ಯಾರಾದರೂ ಬಂದು ಕೂರುತ್ತಾರೆ. ಆ ಇಬ್ಬರಲ್ಲಿ ಒಬ್ಬರು ಅವರ ವಿದ್ಯಾರ್ಥಿಯ ಅಪ್ಪ, ಇನ್ನೊಬ್ಬರು ನನ್ನ ಮಾವ ಆಗಿರುವ ಸಂಭವ ಈ ಊರಿನಲ್ಲಿ ಬಹಳ. ಹಾಗಾಗಿ ಹೊರವಲಯ ಹುಡುಕುತ್ತಿದ್ದೇನೆ. ಸದಾಶಿವಗಡದ ಕಡೆ ಹುಲ್ಲುಹಾಸು, ಬಣ್ಣದ ದೀಪ ಇರುವ ಒಂದು ಜಾಗವಿದೆ. ತೊಂದರೆ ಎಂದರೆ ನಡುವಿನ ಕಾಳಿ ನದಿಯ ಸೇತುವೆ. 2024ರ ಆಗಸ್ಟ್ 7ರ ನಡುರಾತ್ರಿ ಹಳೆಯ ಸೇತುವೆ ಲಾರಿ ಸಮೇತ ಕುಸಿದ ಮೇಲೆ ನಮ್ಮ ತಾಯಿ ಉಳಿದ ಸೇತುವೆಯನ್ನೂ ನಂಬುವುದಿಲ್ಲ. ರಾತ್ರಿ ದಾಟುತ್ತೇನೆ ಎಂದರೆ ಎಲ್ಲಿಗೆ, ಯಾಕೆ, ಯಾರ ಜೊತೆ ಎಂದು ಮೂರು ಪ್ರಶ್ನೆ ಬರುತ್ತವೆ. ಅಮದಳ್ಳಿ ಕಡೆ ಹೆದ್ದಾರಿ ಪಕ್ಕದ ಢಾಬಾ ಇದೆ, ಅಲ್ಲಿ ಲಾರಿಗಳ ಹಾರ್ನ್ ನಡುವೆ ಮಾತು ಕೇಳಿಸುವುದಿಲ್ಲ. ಬಿಣಗಾದಲ್ಲಿ ಮಹಡಿ ಮೇಲೆ ಒಂದು ಫ್ಯಾಮಿಲಿ ರೆಸ್ಟೋರೆಂಟ್ ಇದೆ, ಒಳಗೆ ಹೋಗಿ ನೋಡಿಲ್ಲ.

ಅನುಭವ ಇದ್ದವರು ಹೇಳಿ. ತಮಾಷೆ ಮಾಡುವವರೂ ಹೇಳಿ, ಹೇಗೂ ಬಿಡುವುದಿಲ್ಲ.

ನದಿಯಾಚೆಯವಳು:

ಹುಲ್ಲುಹಾಸು, ದೀಪ ಎಲ್ಲ ಆಮೇಲೆ. ಅವರು ವಾಪಸು ಹೇಗೆ ಹೋಗುತ್ತಾರೆ ಎಂದು ಯೋಚಿಸಿದ್ದೀರಾ? ನಿಮ್ಮ ಪ್ರಶ್ನೆಯಲ್ಲಿ ನಿಮ್ಮ ತಾಯಿ ಇದ್ದಾರೆ, ನಿಮ್ಮ ಮಾವ ಇದ್ದಾರೆ, ಅವರ ವಾಪಸು ದಾರಿಯೊಂದೇ ಇಲ್ಲ.

ನನ್ನನ್ನು ಒಬ್ಬರು ಹೀಗೇ ಮೊದಲ ಸಲ ಕರೆದುಕೊಂಡು ಹೋದದ್ದು ಮಾಜಾಳಿಗೂ ಆಚೆ, ಸಮುದ್ರ ಕಾಣುವ ಜಾಗಕ್ಕೆ. ಸಮುದ್ರ ಚೆನ್ನಾಗಿತ್ತು. ಸೂಪು ಮುಗಿಯುವಷ್ಟರಲ್ಲಿ ಈ ಮನುಷ್ಯ ನನಗಲ್ಲ ಎಂದು ಗೊತ್ತಾಯಿತು. ಆದರೆ ಎಂಟೂವರೆಯ ಮೇಲೆ ಅಲ್ಲಿ ಆಟೋ ಇಲ್ಲ, ಬಸ್ಸಿನ ಭರವಸೆ ಇಲ್ಲ. ಅವರದೇ ಬೈಕಿನ ಹಿಂದೆ ಕೂತು ಬರಬೇಕಾಯಿತು. ಅವರು ಕೆಟ್ಟವರೇನಲ್ಲ, ದಾರಿಯುದ್ದಕ್ಕೂ ತಮ್ಮ ಹೊಸ ಮನೆಯ ಟೈಲ್ಸಿನ ಬಗ್ಗೆ ಮಾತನಾಡಿದರು, ಅಷ್ಟೆ. ಆದರೂ ನನಗೆ ಬೇಕೆಂದಾಗ ಎದ್ದು ಬರಲು ಆಗಲಿಲ್ಲವಲ್ಲ ಎಂಬುದು ಇವತ್ತಿಗೂ ಚುಚ್ಚುತ್ತದೆ.

ಅವರ ಬಳಿ ಸ್ಕೂಟಿ ಇದೆಯೇ? ಇದ್ದರೆ ಅದರಲ್ಲೇ ಬರಲಿ. ಇಲ್ಲದಿದ್ದರೆ ಎದುರಿಗೇ ಬಸ್ ನಿಲ್ಲುವ ಜಾಗ ನೋಡಿ. ಏಳಕ್ಕೆ ಕೂತು ಒಂಬತ್ತರೊಳಗೆ ಏಳಿ.

ಕಡಲ ಕಾಗೆ:

ಟಾಗೋರರಿಗೆ ಇದೇ ಕಾರವಾರದ ಮರಳು ಸಾಕಾಯಿತು, ನಾಟಕ ಬರೆದುಕೊಂಡು ಹೋದರು. ನಿಮಗೆ ಹೋಟೆಲೇ ಬೇಕೇ? ಕಡಲತೀರದ ಯುದ್ಧನೌಕೆ ಮ್ಯೂಸಿಯಂ ಪಕ್ಕ ಕೂತು ಭೇಲ್ ತಿನ್ನಿ.

ನದಿಯಾಚೆಯವಳು:

ಟಾಗೋರರ ಅಣ್ಣ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಕವಿಗಳು ಅಣ್ಣನ ಬಂಗಲೆಯಲ್ಲಿ ಉಂಡು ಮರಳಿಗೆ ಬರುತ್ತಿದ್ದರು. ಈ ಮಳೆಯಲ್ಲಿ ಭೇಲ್ ತಿನ್ನಲು ನೀವೇ ಹೋಗಿ.

ನಿವೃತ್ತ ಸಪ್ಲೈಯರ್:

ತಮ್ಮಾ, 26 ವರ್ಷ ಹೋಟೆಲಿನಲ್ಲಿ ತಟ್ಟೆ ಎತ್ತಿದವನು ಹೇಳುತ್ತಿದ್ದೇನೆ, ಕೇಳು. ಮೊದಲ ಸಲ ಬಂದ ಜೋಡಿಯನ್ನು ನಾವು ಬಾಗಿಲಲ್ಲೇ ಗುರುತಿಸುತ್ತೇವೆ. ಗಂಡಸು ಮೆನು ಕಾರ್ಡನ್ನು ಹಿಂದೆ ಮುಂದೆ ತಿರುಗಿಸುತ್ತಾನೆ, ಓದುವುದಿಲ್ಲ.

ಭಾನುವಾರ ಹೋಗಬೇಡ. ಗೋವಾ ಕಡೆಯ ಗಾಡಿಗಳು, ಮಕ್ಕಳು, ಗದ್ದಲ. ಸೋಮವಾರ ಮೀನು ತಿನ್ನುವವರು ಕಡಿಮೆ, ಅಡುಗೆಮನೆ ಶಾಂತ. ಆದರೆ ತಟ್ಟೆಗೆ ಬರುವುದು ಭಾನುವಾರ ಉಳಿದದ್ದು. ಐಸ್ ಪ್ಲಾಂಟಿನವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬುಧವಾರ ಒಳ್ಳೆಯದು.

ಅವರ ಕಾವಲಿಯ ಮಾತು ಸಣ್ಣದಲ್ಲ. ಬೋರ್ಡಿನಲ್ಲಿ ‘ವೆಜ್–ನಾನ್‌ವೆಜ್’ ಎಂದು ಬರೆದರೆ ಒಳಗೆ ಎರಡು ಒಲೆ ಇವೆ ಎಂದರ್ಥವಲ್ಲ. ಕಾವಲಿ ಬೇರೆ ಇಟ್ಟವರೂ ಎಣ್ಣೆಯಲ್ಲಿ ಜಾರುತ್ತಾರೆ. ರವೆ ಹಚ್ಚಿದ ಶೆಟ್ಲಿ ಇಳಿದ ಬಾಣಲೆಗೇ ಐದು ನಿಮಿಷ ಬಿಟ್ಟು ಗೋಬಿ ಇಳಿಯುತ್ತದೆ. ಆ ಎಣ್ಣೆಯ ತಳದಲ್ಲಿ ಕಪ್ಪಾದ ರವೆ ಕಾಳು ಸುತ್ತುತ್ತಿರುತ್ತದೆ, ಗೋಬಿಗೆ ಅಂಟಿ ಮೇಲೆ ಬರುತ್ತದೆ. ತಿಂದವರಿಗೆ ಮೆಣಸಿನ ಪುಡಿ ಅನ್ನಿಸುತ್ತದೆ. ನಾನೇ ಎಷ್ಟು ತಟ್ಟೆ ಹಾಗೆ ಒಯ್ದಿದ್ದೇನೋ, ಈಗ ಲೆಕ್ಕ ಕೊಟ್ಟು ಪ್ರಯೋಜನವಿಲ್ಲ. ಅವರಿಗೆ ಕರಿದದ್ದು ಬೇಡ ಎಂದು ನೀನು ಹೇಳಬೇಡ. ನೀನೇ ಮೊದಲೇ ಹೋಗಿ ನೋಡು.

ಹೇಗೆ ಎಂದರೆ, ಮಧ್ಯಾಹ್ನ ನಾಲ್ಕಕ್ಕೆ ಹೋಗು. ಆ ಹೊತ್ತಿಗೆ ಭಟ್ಟನಿಗೆ ಬಿಡುವು. ನಿಂಬೆ ಸೋಡಾ ಹೇಳಿ, ಕುಡಿದು, ಅಡುಗೆಮನೆ ನೋಡಬಹುದೇ ಎಂದು ಮೆತ್ತಗೆ ಕೇಳು. ‘ಬನ್ನಿ’ ಎಂದರೆ ಆ ಜಾಗ ಸರಿ. ಮಾಲೀಕರನ್ನು ಕೇಳಬೇಕು ಎಂದರೆ ಸೋಡಾದ ದುಡ್ಡು ಕೊಟ್ಟು ಇಳಿದು ಬಾ.

ಪರದೆ ಹಾಕಿದ ಫ್ಯಾಮಿಲಿ ರೂಮಿಗೆ ಅವರನ್ನು ಕೂರಿಸಬೇಡ. ಪರದೆಯ ಒಳಗೆ ಯಾರಿದ್ದಾರೆ ಎಂದು ಹೊರಗಿನವರಿಗೆ ಇನ್ನೂ ಹೆಚ್ಚು ಕುತೂಹಲ. ಮತ್ತೆ, ತಾರ್ಲೆ ಮೀನು ತರಿಸಬೇಡ. ಅಷ್ಟು ಮುಳ್ಳು ಬಿಡಿಸುತ್ತಾ ಮಾತನಾಡಲು ಆಗುವುದಿಲ್ಲ.

ಬೈತಖೋಲದ ಲೆಕ್ಕಿಗ:

ನದಿಯಾಚೆಯವರು ಹೇಳಿದ್ದು ನನಗೆ ಹೊಳೆದೇ ಇರಲಿಲ್ಲ, ನಾಚಿಕೆಯಾಯಿತು. ಅವರ ಬಳಿ ಸ್ಕೂಟಿ ಇದೆ. ಸದಾಶಿವಗಡ ಬಿಟ್ಟೆ. ಸಪ್ಲೈಯರ್ ಅಣ್ಣ, ನಾಳೆ ಬಿಣಗಾಕ್ಕೆ ಹೋಗುತ್ತೇನೆ. ಒಂದು ಯೋಚನೆ: ಆ ದಿನ ನಾನೂ ಸಸ್ಯಾಹಾರವನ್ನೇ ತಿಂದರೆ ಹೇಗೆ? ಹೇಗೂ ಶ್ರಾವಣ.

ಘಟ್ಟದ ಮೇಲಿನವಳು:

ನಾನೂ ಶಿರಸಿ ಕಡೆಯವಳು, ಕಾರವಾರದಲ್ಲಿ ಆರು ವರ್ಷ ಇದ್ದವಳು. ಮನೆಯಲ್ಲಿ ಶ್ರಾವಣ ಹಿಡಿಯುತ್ತಿದ್ದರೆ ತಿನ್ನಬೇಡಿ, ಅದು ನಿಮ್ಮ ಮನೆಯ ಪದ್ಧತಿ. ಅವರಿಗೋಸ್ಕರ ಬಿಡುವುದಾದರೆ ಮಾತ್ರ ಬೇಡ. ಇವರು ನನಗಾಗಿ ಮೀನು ಬಿಟ್ಟರು ಎಂಬ ಋಣ ಮೊದಲ ಊಟದಲ್ಲೇ ಯಾಕೆ? ಮದುವೆಯಾದರೆ ಮೂರನೇ ದಿನಕ್ಕೆ ಬಂಗಡೆ ಬರುತ್ತದೆ ಎಂದು ಅವರಿಗೂ ಗೊತ್ತು. ಹೇಗೆ ತಿನ್ನುತ್ತೀರಿ, ಎಂಜಲು ಕೈಯಲ್ಲಿ ನೀರಿನ ಜಗ್ಗು ಹಿಡಿಯುತ್ತೀರಾ ಎಂದು ನೋಡಲಿ. ನಾನಾಗಿದ್ದರೆ ಅದನ್ನೇ ನೋಡುತ್ತಿದ್ದೆ.

ಇನ್ನೊಂದು. ಹೋಟೆಲಿನವರ ಬಳಿ ಅಪ್ಪೆಹುಳಿ (ನಮ್ಮ ಕಡೆಯ ಮಾವಿನಕಾಯಿ ಸಾರು) ಮಾಡಿಸಲು ಹೋಗಬೇಡಿ. ನಿಮ್ಮಂಥವರು ಆ ಪ್ರಯತ್ನ ಮಾಡಿಯೇ ಮಾಡುತ್ತೀರಿ. ಮನೆಯ ಅಪ್ಪೆಹುಳಿ ಕುಡಿದು ಬೆಳೆದವರಿಗೆ ಬೇರೆಯವರದು ಬರೀ ಹುಳಿನೀರು.

ಬೈತಖೋಲದ ಲೆಕ್ಕಿಗ:

ಹೋಗಿ ಬಂದೆ. (ಅಪ್ಪೆಹುಳಿಯ ಯೋಚನೆ ಇತ್ತು, ಒಪ್ಪಿಕೊಳ್ಳುತ್ತೇನೆ.)

ಸೋಡಾ ಕುಡಿದು ಕೇಳಿದೆ. ಭಟ್ಟರು ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತಾ ‘ಬನ್ನಿ’ ಎಂದರು. ಎರಡು ಕಾವಲಿ ಇವೆ. ದೋಸೆಯದರ ಹಿಡಿಗೆ ಹಸಿರು ಬಟ್ಟೆಯ ಪಟ್ಟಿ ಸುತ್ತಿ ತಂತಿ ಬಿಗಿದಿದ್ದಾರೆ. ಬಟ್ಟೆ ಎಣ್ಣೆ ಕುಡಿದು ಕುಡಿದು ಈಗ ಹಸಿರು ಎಂದು ನಂಬಿ ನೋಡಿದರಷ್ಟೇ ಹಸಿರು. ಕರಿಯುವ ಬಾಣಲೆ ಮಾತ್ರ ಒಂದೇ. ಅದನ್ನು ಅವರೇ ಹೇಳಿದರು, ನಾನು ಕೇಳುವ ಮೊದಲೇ. ಆ ಮಾತಿಗೆ ಜಾಗ ಖಚಿತ ಮಾಡಿದೆ. ಮೂಲೆಯ ಮೇಜು ಬೇಡ ಎಂದೆ. ಕಿಟಕಿ ಪಕ್ಕದ್ದು ಹೇಳಿದ್ದೇನೆ, ಕೆಳಗೆ ಬಸ್ ಸ್ಟಾಪ್, ಸ್ಕೂಟಿ ನಿಲ್ಲಿಸಲು ತಗಡಿನ ಮಾಡು. ಫ್ಯಾನ್ ಕಿರುಗುಟ್ಟುತ್ತದೆ. ಪರವಾಗಿಲ್ಲ, ಇಬ್ಬರೂ ಸುಮ್ಮನಾದಾಗ ಅದಾದರೂ ಮಾತನಾಡುತ್ತಿರುತ್ತದೆ.

ಸಂಜೆ ಅವರಿಗೆ ಎಲ್ಲವನ್ನೂ ಬರೆದು ಕಳುಹಿಸಿದೆ: ಬಿಣಗಾ, ಬುಧವಾರ, ಏಳು ಗಂಟೆ, ಕಾವಲಿ ಬೇರೆ, ಬಾಣಲೆ ಒಂದೇ. ಅರ್ಧ ತಾಸಿನ ನಂತರ ಉತ್ತರ ಬಂತು: ‘ಆಗಬಹುದು. ಕರಿದದ್ದು ಬೇಡ. ನನ್ನ ಪಾಲಿನ ದುಡ್ಡು ನಾನೇ ಕೊಡುತ್ತೇನೆ. ಆ ಚೀಲ ತರಬೇಡಿ.’

ಚೀಲವನ್ನು ಎರಡು ಸಲ ತೊಳೆದು ಬಿಸಿಲಿಗೆ ಹಾಕಿದ್ದೇನೆ. ವಾಸನೆ ಇನ್ನೂ ಇದೆ. ಯಾರಿಗಾದರೂ ಉಪಾಯ ಗೊತ್ತೇ?

ನಿವೃತ್ತ ಸಪ್ಲೈಯರ್:

ಊಟಕ್ಕೆ ಹೋಗುವವನಿಗೆ ಚೀಲ ಯಾಕೆ ತಮ್ಮಾ?